ಕೆಡುವ ಆರಾಮ, ಕೆಡದ ಆರಾಮ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನವರಾತ್ರಿ, ದೀಪಾವಳಿ ಹತ್ತಿರ ಬಂತೆಂದರೆ ಪತ್ರಿಕೆಯ ಪುಟಗಳಲ್ಲಿ ಕಾರಿನ ಜಾಹೀರಾತು ತುಂಬಿಕೊಳ್ಳುತ್ತದೆ. ಕೈಯಲ್ಲಿ ನಾಲ್ಕು ಕಾಸು ಸೇರಿದ ಮನೆಗಳಲ್ಲಿ ಅದೇ ಹೊತ್ತಿಗೆ ಚರ್ಚೆಯೂ ಎದ್ದಿರುತ್ತದೆ. ಮಗನಿಗೆ ಸನ್‌ರೂಫ್ (ಮಾಡಿನಲ್ಲಿ ತೆರೆಯುವ ಗಾಜು) ಬೇಕು, ಅಪ್ಪನಿಗೆ ಕಾರು ಹತ್ತು ವರ್ಷ ತೊಂದರೆ ಕೊಡದೆ ಓಡಬೇಕು, ಅಮ್ಮನ ಗಂಟುನೋವಿಗೆ ಹತ್ತಿ ಇಳಿಯಲು ಸುಲಭವಾಗಬೇಕು. ಕೊನೆಗೆ ಎಲ್ಲ ಮಾತು ಆರಾಮ ಬೇಕೋ ಬಾಳಿಕೆ ಬೇಕೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇವೆರಡು ಒಂದಕ್ಕೊಂದು ವಿರೋಧ, ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು ಎಂಬ ಲೆಕ್ಕಾಚಾರವೇ ತಪ್ಪು ಎಂದು ತಿಳಿಸಲು ಈ ಪತ್ರ. ಸ್ವಲ್ಪ ಉದ್ದವಾಗಿದೆ; ವಿಷಯ ಲಕ್ಷಗಟ್ಟಲೆ ರೂಪಾಯಿಯದ್ದಾದ್ದರಿಂದ ದಯವಿಟ್ಟು ಅವಕಾಶ ಕೊಡಿ.

ಕಾರಿನಲ್ಲಿ ಆರಾಮ ಎರಡು ದಾರಿಯಿಂದ ಬರುತ್ತದೆ. ಒಂದು, ಅದರ ಅಳತೆಯಿಂದ. ಸೀಟಿನ ಎತ್ತರ, ಬಾಗಿಲಿನ ಅಗಲ, ತೊಡೆಗೆ ಸಿಗುವ ಆಸರೆ, ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, ಟಯರಿನಲ್ಲಿರುವ ರಬ್ಬರಿನ ದಪ್ಪ. ಟಯರನ್ನು ಹೇಗೂ ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸುತ್ತೇವೆ. ಉಳಿದವು ಮೊದಲ ದಿನ ಹೇಗಿದ್ದವೋ ಹತ್ತನೇ ವರ್ಷವೂ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ಇನ್ನೊಂದು, ಮೋಟಾರು, ಸೆನ್ಸರ್, ವಯರಿಂಗ್, ರಬ್ಬರ್ ಬೀಡಿಂಗ್‌ಗಳಿಂದ ಬರುವ ಆರಾಮ. ಸನ್‌ರೂಫ್, ಗಾಳಿಯಾಡುವ ಸೀಟು, ಬಟನ್ ಒತ್ತಿದರೆ ತೆರೆಯುವ ಡಿಕ್ಕಿ, ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್, ಎಸಿಯನ್ನೂ ನುಂಗಿಕೊಂಡ ಟಚ್‌ಸ್ಕ್ರೀನ್ ಇವೆಲ್ಲ ಆ ಗುಂಪಿನವು. ಮೊದಲನೆಯದು ಬಾಳಿಕೆಯನ್ನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಎರಡನೆಯದರ ಪ್ರತಿ ವಸ್ತುವೂ ವಾರಂಟಿ ಮುಗಿದ ಮೇಲೆ ಒಂದು ಖರ್ಚಿನ ಬಾಬತ್ತು. ಶೋರೂಮಿನಲ್ಲಿ ಕಣ್ಣಿಗೆ ಬೀಳುವುದು ಎರಡನೆಯದು. ಐದು ಮಳೆಗಾಲ ಕಳೆದ ಮೇಲೂ ಮೈಗೆ ಹಿತವಾಗಿ ಉಳಿಯುವುದು ಮೊದಲನೆಯದು.

ನಮ್ಮ ಕಾಸರಗೋಡಿನ ಮಟ್ಟಿಗೆ ಈ ವ್ಯತ್ಯಾಸ ಇನ್ನೂ ದೊಡ್ಡದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಉಪ್ಪುಗಾಳಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಗುಡ್ಡೆ ಕಡಿದು ಮಾಡಿದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಏರುದಾರಿ. ಹೆಚ್ಚಿನ ಮನೆಗಳಿಗೆ ಡಾಮಾರು ರಸ್ತೆಯಿಂದ ಅಂಗಳಕ್ಕೆ ಇಳಿಯಲು ಒಂದು ಕಡಿದಾದ ತಿರುವು ಇದ್ದೇ ಇದೆ. ಓಡಾಟವೂ ವಿಚಿತ್ರ ಬಗೆಯದು. ದಿನವೂ ಪೇಟೆಗೆ ನಾಲ್ಕೈದು ಕಿಲೋಮೀಟರು, ತಿಂಗಳಿಗೊಮ್ಮೆ ಹಿರಿಯರನ್ನು ಕರೆದುಕೊಂಡು ಮಂಗಳೂರಿನ ಆಸ್ಪತ್ರೆಗೆ. ಬೆಂಗಳೂರಿನ ಕಾರು ವಿಮರ್ಶಕರ ಅಭಿಪ್ರಾಯ ಬೆಂಗಳೂರಿಗೆ ಸರಿ. ಇಲ್ಲಿಗೆ ಬೇಕಾದ ಕಾರನ್ನು ಇಲ್ಲಿನ ನೆಲ ನೋಡಿಯೇ ಆರಿಸಬೇಕು.

ಮೊದಲು ಸೀಟು. ಹಿರಿಯರಿರುವ ಮನೆಯವರು ಅವರನ್ನು ಶೋರೂಮಿಗೆ ಕರೆದೊಯ್ಯದೆ ಕಾರು ಬುಕ್ ಮಾಡಲೇಬಾರದು. ಬಾಗಿಲು ತೆರೆದು, ಬೆನ್ನು ತಿರುಗಿಸಿ ನಿಂತು, ಹಾಗೇ ಹಿಂದಕ್ಕೆ ಕುಳಿತರೆ ಸೀಟು ಸಿಗಬೇಕು. ಕೆಳಗೆ ಕುಸಿಯುವಂತಿದ್ದರೆ ಏಳುವಾಗ ಗಂಟಿನ ಮೇಲೆ ಭಾರ ಬೀಳುತ್ತದೆ. ಕಾಲೆತ್ತಿ ಹತ್ತುವಂತಿದ್ದರೆ ಇಳಿಯುವಾಗ ಜಾರುವ ಭಯ. ವ್ಯಾಗನ್ ಆರ್‌ನಂಥ ಎತ್ತರದ ಡಬ್ಬಿಯಾಕಾರದ ಸಣ್ಣ ಕಾರು ಈ ವಿಷಯದಲ್ಲಿ ಅದರ ಎರಡರಷ್ಟು ಬೆಲೆಯ ಸೆಡಾನ್‌ಗಿಂತ ಮೇಲು. ಹಿಂದಿನ ಸೀಟಿನಲ್ಲಿ ಕೂತಾಗ ತೊಡೆಯ ಅಡಿಭಾಗ ಸೀಟಿಗೆ ತಾಗುತ್ತಿದೆಯೇ, ಇಲ್ಲಾ ಮೊಣಕಾಲು ಮೇಲೆದ್ದು ಇಡೀ ಭಾರ ಕುಂಡೆಯ ಮೇಲೆ ಬೀಳುತ್ತಿದೆಯೇ ನೋಡಿ. ಐದು ನಿಮಿಷಕ್ಕೆ ಇದು ಗೊತ್ತಾಗದು. ಮಾತಾಡುತ್ತಾ ಇಪ್ಪತ್ತು ನಿಮಿಷ ಕೂತೇ ಇರಬೇಕು. ಆಪರೇಶನ್ ಆದವರನ್ನು ಕರೆತರುವ ಸಂದರ್ಭ ಬಂದೇ ಬರುತ್ತದೆ. ಆಗ ಮುಂದಿನ ಸೀಟು ಪೂರ್ತಿ ಹಿಂದೆ ಸರಿದು ಎಷ್ಟು ಮಲಗುತ್ತದೆ ಎಂಬುದು ಚರ್ಮದ ಕವರಿಗಿಂತ ಮುಖ್ಯವಾಗುತ್ತದೆ.

ಇನ್ನು ಟಯರು. ಇದರ ಬಗ್ಗೆ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಒಂದೇ ಹ್ಯಾಚ್‌ಬ್ಯಾಕಿನ (ಡಿಕ್ಕಿ ಹೊರಚಾಚದ ಸಣ್ಣ ಕಾರಿನ) ಕೆಳಗಿನ ವೇರಿಯಂಟಿಗೆ, ಅಂದರೆ ಸವಲತ್ತು ಕಡಿಮೆಯಿರುವ ಬಗೆಗೆ 185/65 ಆರ್15 ಟಯರು, ಮೇಲಿನ ವೇರಿಯಂಟಿಗೆ 195/55 ಆರ್16 ಟಯರು ಬರುವುದು ಸಾಮಾನ್ಯ. ಮೊದಲ ಸಂಖ್ಯೆ ಟಯರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಪಕ್ಕೆಯ ಎತ್ತರ ಎಂಬುದು, ಕೊನೆಯದು ರಿಮ್ಮಿನ ಅಡ್ಡಳತೆ ಇಂಚಿನಲ್ಲಿ. ಲೆಕ್ಕ ಹಾಕಿ: 185ರ ಶೇಕಡಾ 65 ಅಂದರೆ 120 ಮಿಲಿಮೀಟರು. 195ರ ಶೇಕಡಾ 55 ಅಂದರೆ 107. ಚಕ್ರದ ಒಟ್ಟು ಎತ್ತರ ಎರಡರದ್ದೂ ಸುಮಾರು 621 ಮಿಲಿಮೀಟರೇ. ಹಾಗಾಗಿ ಕಾರು ಎತ್ತರವಾಗಲಿಲ್ಲ, ನೆಲದಿಂದ ಅಂತರ ಹೆಚ್ಚಲಿಲ್ಲ. ರಬ್ಬರು 13 ಮಿಲಿಮೀಟರು ಕಡಿಮೆಯಾಗಿ ಆ ಜಾಗಕ್ಕೆ ಅಲಾಯ್ ರಿಮ್ ಬಂತು, ಅಷ್ಟೇ. ಹೊಂಡಕ್ಕೆ ಬಿದ್ದಾಗ ಪೆಟ್ಟನ್ನು ಮೊದಲು ತಿನ್ನುವುದು ಟಯರಿನ ಪಕ್ಕೆ. ಅದು ಗಿಡ್ಡವಾದಷ್ಟೂ ಪೆಟ್ಟು ರಿಮ್ಮಿಗೆ, ಶಾಕಿಗೆ (ಶಾಕ್ ಅಬ್ಸಾರ್ಬರಿಗೆ), ಕೊನೆಗೆ ಕೂತವರ ಬೆನ್ನಿಗೆ. ಮುರಕಲ್ಲಿನ ಚೂಪು ಅಂಚಿಗೆ ತಾಗಿ ಪಕ್ಕೆ ಉಬ್ಬುವುದು, ಸೀಳುವುದು, ಅಲಾಯ್ ಸೊಟ್ಟಗಾಗುವುದು ಗಿಡ್ಡ ಪಕ್ಕೆಯ ಟಯರಿನಲ್ಲೇ ಹೆಚ್ಚು. ಅಂದರೆ ಇಲ್ಲಿ ಕಡಿಮೆ ಬೆಲೆಯ ವೇರಿಯಂಟೇ ಆರಾಮದಲ್ಲೂ ಬಾಳಿಕೆಯಲ್ಲೂ ಮುಂದು, ಮತ್ತೆ ಟಯರು ಬದಲಿಸುವಾಗಲೂ ಅಗ್ಗ. ಮೇಲಿನ ವೇರಿಯಂಟೇ ಬೇಕಾದರೆ ಅದೇ ಮಾಡೆಲಿಗೆ ಕಂಪೆನಿ ಒಪ್ಪಿದ ಸಣ್ಣ ರಿಮ್ ಇದೆಯೇ ಎಂದು ಕೇಳಬಹುದು. ಒಪ್ಪದ ಅಳತೆ ಹಾಕಿಸಬೇಡಿ. ಬ್ರೇಕ್ ಪ್ಯಾಡನ್ನು ಹಿಡಿದಿಡುವ ಕ್ಯಾಲಿಪರಿಗೆ ರಿಮ್ ತಾಗಬಹುದು, ವಿಮೆಯವರ ತಕರಾರೂ ಬರಬಹುದು.

ಟಯರಿನ ಜೊತೆಗೇ ಸ್ಪೇರ್ ವೀಲ್ ನೋಡಿ. ಟಯರ್ ಪ್ರೆಶರ್ ಸೆನ್ಸರ್ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಪೇರ್ ಕೊಡದೆಯೂ ಕಾರು ಮಾರಬಹುದೆಂದು 2020ರಲ್ಲಿ ನಿಯಮ ಬಂದಿದೆ. ಮೊಳೆ ಚುಚ್ಚಿದ ತೂತಿಗೆ ಕಿಟ್ಟಿನ ಅಂಟು ಸಾಕು. ಪಕ್ಕೆ ಸೀಳಿದರೆ ಅದು ಯಾವ ಉಪಯೋಗಕ್ಕೂ ಇಲ್ಲ. ರಾತ್ರಿ ಪಾಣತ್ತೂರಿನಿಂದ ಭಾಗಮಂಡಲದ ಕಡೆಗೆ ಹತ್ತುವ ದಾರಿಯಲ್ಲಿ ಸೀಳಿದರೆ ಏನು ಗತಿ ಎಂದು ಯೋಚಿಸಿ ತೀರ್ಮಾನ ಮಾಡಿ. ಕೆಲವು ಕಾರಿಗೆ ತೆಳ್ಳಗಿನ ತಾತ್ಕಾಲಿಕ ಸ್ಪೇರ್ ಬರುತ್ತದೆ. ಅದರಲ್ಲಿ ಗಂಟೆಗೆ 80 ಕಿಲೋಮೀಟರಿಗಿಂತ ಮೇಲೆ ಹೋಗುವಂತಿಲ್ಲ. ಆದರೂ ಏನೂ ಇಲ್ಲದ್ದಕ್ಕಿಂತ ಸಾವಿರ ಪಾಲು ವಾಸಿ.

ಸ್ಪ್ರಿಂಗು, ಶಾಕುಗಳೆಲ್ಲ ಸೇರಿದ ಸಸ್ಪೆನ್ಷನ್ ವಿಷಯಕ್ಕೆ ಬಂದರೆ, ಮೆತ್ತಗಿರುವುದೇ ಆರಾಮ ಎಂಬ ನಂಬಿಕೆ ಬಲವಾಗಿದೆ. ನಿಧಾನಕ್ಕೆ ಹೋಗುವಾಗ ಅದು ನಿಜ. ಐದು ಜನ ಕೂತು ಹೆದ್ದಾರಿಯಲ್ಲಿ 80ರ ಮೇಲೆ ಹೋಗುವಾಗ ಅತಿ ಮೆತ್ತಗಿನ ಕಾರು ದೋಣಿಯಂತೆ ತೂಗುತ್ತದೆ, ಹಿಂದೆ ಕೂತವರಿಗೆ ವಾಂತಿ ಬರುವುದು ಅದರಿಂದಲೇ. ಉಬ್ಬು ದಾಟಿದ ಮೇಲೆ ಕಾರು ಒಂದು ಸಲ ಎದ್ದು ಕೂತು ಸುಮ್ಮನಾಗಬೇಕು. ಎರಡು ಮೂರು ಸಲ ಕುಣಿದರೆ ಹೊಸ ಕಾರಾದರೆ ಅದರ ಸ್ವಭಾವ, ಹಳೇ ಕಾರಾದರೆ ಶಾಕ್ ಹೋಗಿದೆ.

ಇಲ್ಲಿನ ರಸ್ತೆಯಲ್ಲಿ ಯಾವ ಕಾರಿಗೂ ಮೊದಲು ಹೋಗುವುದು ಲಿಂಕ್ ರಾಡ್, ಅಂದರೆ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಕಂಬಿಯನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಸಣ್ಣ ರಾಡು. ನಿಧಾನಕ್ಕೆ ಸಣ್ಣ ಸಣ್ಣ ಹೊಂಡಗಳಲ್ಲಿ ಹೋಗುವಾಗ ಮುಂದಿನಿಂದ ಕಟಕಟ ಶಬ್ದ ಬಂದರೆ ಅದೇ. ಆಮೇಲೆ ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮಿನ ರಬ್ಬರ್ ಬುಷ್: ಬ್ರೇಕ್ ಒತ್ತಿದಾಗ ಅಥವಾ ರಿವರ್ಸ್ ಹಾಕಿ ಹೊರಡುವಾಗ ಒಂದೇ ಒಂದು ಧಡ್ ಎನ್ನುವ ಸದ್ದು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಚಿಮ್ಮಿದಂತೆ ಸದ್ದಾದರೆ ಶಾಕನ್ನು ಮೇಲ್ಗಡೆ ಹಿಡಿಯುವ ಸ್ಟ್ರಟ್ ಮೌಂಟು. ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ಟಕ್‌ಟಕ್ ಎಂದರೆ ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ತಲುಪಿಸುವ ಆಕ್ಸಲಿನ ಜಾಯಿಂಟು. ವೇಗ ಹೆಚ್ಚಿದಂತೆ ಹೆಚ್ಚುವ ಹೂಂಕಾರ, ತಿರುವಿನಲ್ಲಿ ಒಂದು ಬದಿಗೆ ವಾಲಿದಾಗ ಬದಲಾದರೆ ವೀಲ್ ಬೇರಿಂಗು. ಶಬ್ದ ಯಾವುದೆಂದು ನೀವೇ ಹೇಳಬಲ್ಲಿರಾದರೆ ಸರ್ವಿಸಿನಲ್ಲಿ ಇಡೀ ಸಸ್ಪೆನ್ಷನ್ ಬದಲಿಸಿ ಎಂಬ ಮಾತಿಗೆ ತಲೆದೂಗಬೇಕಾಗಿಲ್ಲ. ಶಾಕ್ ಬದಲಿಸಿದರೆ ಎಡ ಬಲ ಜೋಡಿಯಾಗಿ ಬದಲಿಸಿ. ಲೋವರ್ ಆರ್ಮ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಮಾಡಿಸದಿದ್ದರೆ ಹೊಸ ಟಯರಿನ ಒಳ ಅಂಚು ಕೆಲವೇ ಸಾವಿರ ಕಿಲೋಮೀಟರಿಗೆ ಬೋಳಾಗುತ್ತದೆ.

ಆಕ್ಸಲಿನ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟು ಇಲ್ಲಿ ವಿಶೇಷವಾಗಿ ನೋಡಬೇಕಾದ ಪಾರ್ಟು. ತೋಟದ ದಾರಿಯಲ್ಲಿ ಒಣಗಿದ ಕಡ್ಡಿ, ಅಡಿಕೆ ಸೋಗೆಯ ದಂಟು ಅಡಿಯಿಂದ ಚುಚ್ಚಿ ಬೂಟಿನ ಮಡಿಕೆ ಹರಿಯುತ್ತದೆ. ಹರಿದದ್ದು ಹೊರಗೆ ಕಾಣಿಸುವುದಿಲ್ಲ. ಚಕ್ರದ ಒಳಬದಿಗೆ ಕಪ್ಪು ಗ್ರೀಸ್ ಸಿಡಿದ ಗುರುತು ಕಂಡರೆ ಅದೇ. ಆಗಲೇ ಬೂಟು ಮತ್ತು ಗ್ರೀಸ್ ಹಾಕಿಸಿದರೆ ಸಣ್ಣ ಖರ್ಚಿನಲ್ಲಿ ಮುಗಿಯಿತು. ಒಂದು ಮಳೆಗಾಲ ಬಿಟ್ಟರೆ ಕೆಂಪು ಕೆಸರು ಒಳಗೆ ಸೇರಿ ಜಾಯಿಂಟನ್ನೇ ಅರೆಯುತ್ತದೆ, ಆಮೇಲೆ ಆಕ್ಸಲನ್ನೇ ಬದಲಿಸಬೇಕು.

ಸನ್‌ರೂಫಿಗೆ ಬರೋಣ, ಯಾಕೆಂದರೆ ಹೆಚ್ಚಿನವರು ಒಂದೂವರೆ ಎರಡು ಲಕ್ಷ ಹೆಚ್ಚು ಕೊಟ್ಟು ಮೇಲಿನ ವೇರಿಯಂಟಿಗೆ ಹೋಗುವುದು ಅದಕ್ಕಾಗಿಯೇ. ಗಾಜಿನ ಸುತ್ತ ಇರುವ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ. ತಡೆಯಬೇಕೆಂದು ಅದನ್ನು ಮಾಡಿದ್ದೂ ಅಲ್ಲ. ಒಳಗೆ ಬಂದ ನೀರು ಸುತ್ತಲಿನ ತಗಡಿನ ಚರಂಡಿಗೆ ಬೀಳುತ್ತದೆ, ಅಲ್ಲಿಂದ ಸಾಮಾನ್ಯವಾಗಿ ನಾಲ್ಕು ಮೂಲೆಗಳಲ್ಲಿರುವ ಪೈಪುಗಳ ಮೂಲಕ ಕಂಬಗಳ ಒಳಗಿಂದ ಇಳಿದು ಹೊರಗೆ ಹೋಗುತ್ತದೆ. ಪೈಪು ಪೆನ್ಸಿಲಿನಷ್ಟೇ ದಪ್ಪ. ತೆಂಗಿನ ಮರದಡಿ ನಿಲ್ಲಿಸಿದ ಕಾರಿನ ಆ ಚರಂಡಿಗೆ ಹೂವಿನ ಪುಡಿ, ಅಡಿಕೆ ಸಿಂಗಾರದ ಉದುರು, ಒಣಎಲೆಯ ಚೂರು ಬೇಸಿಗೆಯಿಡೀ ಸೇರಿಕೊಳ್ಳುತ್ತವೆ. ಮೊದಲ ಮಳೆಗೆ ಅದು ನೆನೆದು ಸಗಣಿಯ ಹಾಗೆ ಮುದ್ದೆಯಾಗಿ ಪೈಪಿನ ಬಾಯಿಗೆ ಕೂರುತ್ತದೆ. ನೀರು ಚರಂಡಿ ತುಂಬಿ ಒಳಬದಿಗೆ ಹೊರಳುತ್ತದೆ. ಮೊದಲು ರೂಫ್ ಬಟ್ಟೆಯ ಅಂಚಿನಲ್ಲಿ ಚಹಾ ಬಣ್ಣದ ಕಲೆ. ಆಮೇಲೆ ಕಂಬದ ಪ್ಲಾಸ್ಟಿಕ್ ಒಳಗಿಂದ ಇಳಿದು ಕಾರ್ಪೆಟಿನ ಅಡಿಗೆ. ಅಲ್ಲಿ ವಯರುಗಳನ್ನು ಜೋಡಿಸುವ ಕಪ್ಲರ್‌ಗಳಿವೆ. ಕಪ್ಲರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದರೆ ಇಂದು ಪವರ್ ವಿಂಡೋ, ನಾಳೆ ಸೆಂಟ್ರಲ್ ಲಾಕ್, ನಾಡಿದ್ದು ಏರ್‌ಬ್ಯಾಗ್ ದೀಪ ಎಂದು ಒಂದೊಂದಾಗಿ ತೊಂದರೆ ಶುರು. ಮೂಲ ಎಲ್ಲಿದೆ ಎಂದು ಹುಡುಕಲು ಮಾತ್ರ ಕಾರಿನ ದೋಷ ಓದುವ ಸ್ಕ್ಯಾನರಿಗೂ ಕಷ್ಟ.

ಸನ್‌ರೂಫ್ ಇರುವವರು ಮೇ ತಿಂಗಳ ಮೂರನೇ ವಾರ ಇಷ್ಟು ಮಾಡಿ. ಗಾಜು ಪೂರ್ತಿ ತೆರೆದು ಚರಂಡಿಯನ್ನು ಒದ್ದೆ ಬಟ್ಟೆಯಿಂದ ಒರಸಿ. ಮೂಲೆಯ ತೂತಿಗೆ ಅರ್ಧ ಲೋಟ ನೀರು ನಿಧಾನಕ್ಕೆ ಸುರಿಯಿರಿ. ಅದೇ ಬದಿಯ ಚಕ್ರದ ಹತ್ತಿರ ಅಥವಾ ಬಾಗಿಲ ಸಂದಿಯಲ್ಲಿ ನೀರು ಸಲೀಸಾಗಿ ಇಳಿಯಬೇಕು. ಇಳಿಯದಿದ್ದರೆ ಮೀನು ಹಿಡಿಯುವ ದಪ್ಪ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ. ಕಬ್ಬಿಣದ ಸರಿಗೆ ಹಾಕಬೇಡಿ, ಗಾಳಿಯನ್ನು ಜೋರಾಗಿ ಊದಿಸಲೂ ಬೇಡಿ. ಕಂಬದ ಒಳಗೆ ಪೈಪು ಕಳಚಿಕೊಂಡರೆ ಕಾರಿನ ಅರ್ಧ ಒಳಭಾಗ ಬಿಚ್ಚಬೇಕಾಗುತ್ತದೆ. ಇಷ್ಟು ಮಾಡಲು ಮನಸ್ಸಿಲ್ಲದವರು, ಕಾರು ನಿಲ್ಲಿಸಲು ಶೆಡ್ ಇಲ್ಲದವರು ಸನ್‌ರೂಫ್ ಇಲ್ಲದ ವೇರಿಯಂಟ್ ಕೊಳ್ಳುವುದೇ ಲೇಸು.

ಗೇರ್‌ಬಾಕ್ಸ್ ಆರಿಸುವಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ದುಬಾರಿ. ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಯಂತ್ರಗಳನ್ನು ಮಾರುತ್ತಾರೆ. ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಆಕ್ಚುಯೇಟರ್ ಎಂಬ ಒಂದು ಸಣ್ಣ ಯಂತ್ರ ಮಾಡುತ್ತದೆ. ಅಗ್ಗ, ಮೈಲೇಜೂ ಚೆನ್ನಾಗಿದೆ. ಆದರೆ ಗೇರ್ ಬದಲಾಗುವಾಗ ತಲೆ ಮುಂದಕ್ಕೆ ವಾಲುತ್ತದೆ, ಕ್ಲಚ್ ಪ್ಲೇಟ್ ಮಾಮೂಲಿಯಂತೆಯೇ ಸವೆಯುತ್ತದೆ. ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಹೊಸ ಕ್ಲಚ್ಚಿನ ಅಂದಾಜನ್ನು ಕಾರಿನ ಕಂಪ್ಯೂಟರಿಗೆ ಕಲಿಸಬೇಕು. ಕಲಿಸದೆ ಬಿಟ್ಟರೆ ಏರಿನಲ್ಲಿ ಜಗ್ಗುತ್ತದೆ. ಎರಡು ಕ್ಲಚ್ ಇರುವ ಡಿಸಿಟಿ ಓಡಿಸಲು ಬೆಣ್ಣೆಯಂತೆ. ಅದರಲ್ಲಿ ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್ ಇರುವ ಬಗೆ ಏರಿನಲ್ಲಿ ಇಂಚಿಂಚು ಸರಿಯುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತದೆ. ಕ್ಲಚ್ ಪ್ಯಾಕ್ ಬದಲಿಸುವ ಖರ್ಚು ಮಾಮೂಲಿ ಕ್ಲಚ್ಚಿನ ಹಲವು ಪಟ್ಟು. ಸಿವಿಟಿಯಲ್ಲಿ ಗೇರೇ ಇಲ್ಲ, ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟು. ಊರೊಳಗೆ ಅದರಷ್ಟು ನಯ ಬೇರೆ ಇಲ್ಲ, ಆದರೆ ಅದರ ಎಣ್ಣೆಯನ್ನು ಪುಸ್ತಕದಲ್ಲಿ ಹೇಳಿದ ಗ್ರೇಡಿನದ್ದೇ, ಹೇಳಿದ ಅವಧಿಗೇ ಬದಲಿಸಬೇಕು. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆಯೇ ಶಕ್ತಿ ದಾಟಿಸುವುದು. ಏರಿನಲ್ಲಿ ಹೊರಡುವಾಗ ಅರೆದು ಸವೆಯುವ ಕ್ಲಚ್ ಪ್ಲೇಟ್ ಇಲ್ಲ.

ಗುಡ್ಡೆಯ ಮನೆಯವರಿಗೆ ನಮ್ಮ ಸ್ಪಷ್ಟ ಅಭಿಪ್ರಾಯ: ಆಟೋಮ್ಯಾಟಿಕ್ಕೇ ಬೇಕಿದ್ದು ಹಣಕ್ಕೆ ತೊಂದರೆಯಿಲ್ಲದಿದ್ದರೆ ಟಾರ್ಕ್ ಕನ್ವರ್ಟರ್. ಹಣ ಬಿಗಿಯಿದ್ದರೆ ಎಎಂಟಿಗಿಂತ ಮ್ಯಾನುವಲ್ ಮೇಲು. ಎಎಂಟಿ ಕೊಂಡಿದ್ದರೆ ಏರಿನಲ್ಲಿ ನಿಲ್ಲಿಸುವಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದಿಡಬೇಡಿ; ಬ್ರೇಕ್ ಒತ್ತಿಯೇ ನಿಲ್ಲಿಸಿ, ಹೊರಡುವಾಗ ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಕಾರು ಮುಂದಕ್ಕೆ ಎಳೆಯತೊಡಗಿದೊಡನೆ ಅದನ್ನು ಬಿಡಿ. ಏರಿನಲ್ಲಿ ಕಾರು ಹಿಂದೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇದ್ದರೂ ಅದು ಹಿಡಿಯುವುದು ಎರಡು ಮೂರು ಸೆಕೆಂಡು ಮಾತ್ರ. ಮ್ಯಾನುವಲ್ ಕಾರಿನಲ್ಲೂ ಅಂಗಳದಿಂದ ರಿವರ್ಸಿನಲ್ಲಿ ಏರು ಹತ್ತಿಸುವುದು ಕ್ಲಚ್ಚಿಗೆ ದೊಡ್ಡ ಶತ್ರು. ಅಂಗಳದಲ್ಲೇ ತಿರುಗಿಸಲು ಜಾಗ ಮಾಡಿಕೊಂಡು ಮೊದಲ ಗೇರಿನಲ್ಲಿ ಹತ್ತಿಸಿದರೆ ಪ್ಲೇಟಿನ ಆಯುಸ್ಸು ಎಷ್ಟೋ ಹೆಚ್ಚುತ್ತದೆ.

ಎಂಜಿನ್ ವಿಚಾರದಲ್ಲಿ ಡೀಸೆಲ್ ಮೋಹ ಇನ್ನೂ ಬಿಟ್ಟಿಲ್ಲ. ಹಳೇ ಡೀಸೆಲ್ ಬೇರೆ, ಇಂದಿನದು ಬೇರೆ. 2020ರ ಏಪ್ರಿಲ್ ಒಂದರಿಂದ ಬಂದ ಬಿಎಸ್6 ಎಂಬ ಹೊಗೆ ನಿಯಮದ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ಹಿಡಿದ ಮಸಿಯನ್ನು ಅದು ಸುಮಾರು 600 ಡಿಗ್ರಿ ಶಾಖದಲ್ಲಿ ತಾನೇ ಸುಟ್ಟುಕೊಳ್ಳಬೇಕು. ಅಷ್ಟು ಶಾಖ ಬರಲು, ಸುಟ್ಟು ಮುಗಿಯಲು ಹದಿನೈದು ಇಪ್ಪತ್ತು ನಿಮಿಷ ಒಂದೇ ಹದದಲ್ಲಿ ಓಡಬೇಕು. ದಿನವೂ ನಾಲ್ಕು ಕಿಲೋಮೀಟರು ಹೋಗಿ ಆಫ್ ಮಾಡುವ ಕಾರಿನಲ್ಲಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸುಡಲೆಂದು ಹೆಚ್ಚಾಗಿ ಸಿಂಪಡಿಸಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಏರುತ್ತಾ ಹೋದರೆ ಖುಷಿಪಡಬೇಡಿ, ಆಯಿಲ್ ತೆಳ್ಳಗಾಗಿದೆ ಎಂದರ್ಥ. ಡಿಪಿಎಫ್ ದೀಪ ಉರಿದ ದಿನವೇ ಹೆದ್ದಾರಿಯಲ್ಲಿ ತಲಪಾಡಿಯವರೆಗೆ ಹೋಗಿ ಬನ್ನಿ. ವಾರಕ್ಕೆ ಎರಡು ಸಲವಾದರೂ ದೂರದ ಓಡಾಟ ಇಲ್ಲದವರಿಗೆ ಡೀಸೆಲ್ ಸಲ್ಲ.

ಸಣ್ಣ ಓಟ ಪೆಟ್ರೋಲಿಗೂ ಹಿತವಲ್ಲ, ಆದರೆ ಅದು ಸಹಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಬೆಣ್ಣೆಯಂಥ ಬಿಳಿ ನೊರೆ ಕಂಡರೆ ಹೆಚ್ಚಿನವರು ಹೆಡ್ ಗ್ಯಾಸ್ಕೆಟ್ (ಕೂಲೆಂಟ್ ಮತ್ತು ಆಯಿಲ್ ಬೆರೆಯದಂತೆ ತಡೆಯುವ ಎಂಜಿನ್ನಿನ ಪದರ) ಹೋಯಿತೆಂದು ಗಾಬರಿಯಾಗುತ್ತಾರೆ. ಕೂಲೆಂಟ್ ಕಡಿಮೆಯಾಗಿಲ್ಲ, ಎಂಜಿನ್ ಬಿಸಿಯಾಗುತ್ತಿಲ್ಲ ಎಂದಾದರೆ ಅದು ಪೂರ್ತಿ ಬಿಸಿಯಾಗದ ಎಂಜಿನ್ನಿನಲ್ಲಿ ಸೇರಿದ ತೇವ ಮಾತ್ರ. ವಾರಕ್ಕೊಮ್ಮೆ 25 ಕಿಲೋಮೀಟರು ಓಡಿಸಿದರೆ ಹೋಗುತ್ತದೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಇರುವ ಪೆಟ್ರೋಲ್ ಕಾರು ಓಡಿಸಲು ಬಹಳ ಚೆಂದ, ಘಾಟಿಯಲ್ಲಿ ಗೇರ್ ಇಳಿಸುವ ಕೆಲಸವೇ ಕಡಿಮೆ. ಆದರೆ ಆಯಿಲ್ ಬದಲಿಸಲು ತಡ ಮಾಡುವವರ ಕೈಗೆ ಅದು ಬೇಡ. ಟರ್ಬೋದ ಬೇರಿಂಗ್ ಬದುಕುವುದು ಆ ಆಯಿಲಿನ ಮೇಲೆಯೇ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರು ಓಡಿದರೂ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸಲೇಬೇಕು. 10,000 ಆಗಲಿಲ್ಲವಲ್ಲ ಎಂಬ ಲೆಕ್ಕ ನಡೆಯುವುದಿಲ್ಲ. ಹತ್ತು ವರ್ಷ ಇಟ್ಟುಕೊಳ್ಳುವ, ಸರ್ವಿಸಿಗೆ ಒಂದೆರಡು ತಿಂಗಳು ಹೆಚ್ಚುಕಡಿಮೆ ಮಾಡುವ ಮನೆಗೆ ಟರ್ಬೋ ಇಲ್ಲದ ಸಾದಾ ಪೆಟ್ರೋಲ್ ಎಂಜಿನ್ನೇ ಸರಿ. ಎಲೆಕ್ಟ್ರಿಕ್ ಕಾರು ಏರಿಗೂ ಸಣ್ಣ ಓಟಕ್ಕೂ ಒಳ್ಳೆಯದೇ. ಹಲವು ಕಂಪೆನಿಗಳು ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನ ವಾರಂಟಿ ಕೊಡುತ್ತವೆ. ಕೊಳ್ಳುವ ಮೊದಲು ಮನೆಯ ಅರ್ತಿಂಗ್ ಸರಿ ಮಾಡಿಸಿಕೊಳ್ಳಿ. ಮುರಕಲ್ಲಿನ ನೆಲ ಏಪ್ರಿಲ್ ಹೊತ್ತಿಗೆ ಒಣಗಿ ಅರ್ತ್ ದುರ್ಬಲವಾದರೆ ಚಾರ್ಜರ್ ಕೆಲಸ ಮಾಡಲು ಒಪ್ಪುವುದಿಲ್ಲ.

ಇನ್ನುಳಿದ ಸವಲತ್ತುಗಳನ್ನು ಒಂದೇ ಪ್ರಶ್ನೆಯಿಂದ ಅಳೆಯಬಹುದು: ಇದು ಕೆಟ್ಟರೆ ಕಾರು ಓಡುತ್ತದೆಯೇ? ಹಿಂದಿನ ಕ್ಯಾಮೆರಾ ಕೆಟ್ಟರೆ ಓಡುತ್ತದೆ. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇರುವ ಕಾರಿನ ಬ್ಯಾಟರಿ ಪೂರ್ತಿ ಇಳಿದರೆ ಅಂಗಳದಿಂದ ತಳ್ಳಲೂ ಆಗದು. ಹಿಂದಿನ ಬ್ರೇಕ್ ಪ್ಯಾಡ್ ಬದಲಿಸಲೂ ಅದನ್ನು ಸರ್ವಿಸ್ ಮೋಡಿಗೆ ಹಾಕಲು ಗೊತ್ತಿರುವವರೇ ಬೇಕು. ಎಸಿಯ ಗುಂಡಿಗಳೆಲ್ಲ ಸ್ಕ್ರೀನಿನೊಳಗೇ ಇದ್ದರೆ ಸ್ಕ್ರೀನ್ ಹೋದ ದಿನ ಮಳೆಯಲ್ಲಿ ಗಾಜಿನ ಮಂಜು ತೆಗೆಯಲೂ ದಾರಿಯಿಲ್ಲ. ತಿರುಗಿಸುವ ಗುಂಡಿಯಿರುವ ಎಸಿಯೇ ಸುರಕ್ಷಿತ. ಸೀಲ್ ಆಗಿ ಬರುವ ಎಲ್‌ಇಡಿ ಹೆಡ್‌ಲೈಟಿಗೆ ನೀರು ಹೊಕ್ಕರೆ ಇಡೀ ಘಟಕವನ್ನೇ ಬದಲಿಸಬೇಕಾಗುವುದುಂಟು. ಹ್ಯಾಲೊಜನ್ ಆದರೆ ಬಲ್ಬು ಮಾತ್ರ. ಬೆಳಕು ಎಲ್‌ಇಡಿಯದ್ದೇ ಚೆನ್ನ ಎಂಬುದೂ ನಿಜ, ಅದು ಅವರವರ ರಾತ್ರಿ ಓಡಾಟ ನೋಡಿ ತೀರ್ಮಾನಿಸಬೇಕಾದದ್ದು. ಆರು ಏರ್‌ಬ್ಯಾಗ್, ಕಾರು ಜಾರಿದಾಗ ಹಿಡಿತಕ್ಕೆ ತರುವ ಇಎಸ್‌ಸಿ ಇವನ್ನು ಮಾತ್ರ ಈ ಲೆಕ್ಕಕ್ಕೆ ತರಲೇಬೇಡಿ. ಅವು ಆರಾಮವಲ್ಲ, ಜೀವದ ಪ್ರಶ್ನೆ. 2023ರ ಅಕ್ಟೋಬರಿನಿಂದ ನಮ್ಮಲ್ಲೇ ಕಾರನ್ನು ಡಿಕ್ಕಿ ಹೊಡೆಸಿ ಸುರಕ್ಷತೆಗೆ ಅಂಕ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ ನಡೆಯುತ್ತಿದೆ. ಕೊಳ್ಳುವ ಕಾರಿಗೆ ಅಂಕ ಬಂದಿದೆಯೇ ಎಂದು ನೋಡಿ.

ಟೆಸ್ಟ್ ಡ್ರೈವ್ ಎಂದರೆ ಶೋರೂಮಿನ ಮುಂದಿನ ನಯವಾದ ರಸ್ತೆಯಲ್ಲಿ ಎರಡು ಕಿಲೋಮೀಟರು ಅಲ್ಲ. ಕಾರನ್ನು ಮನೆಗೆ ತರಿಸಿ. ನಿಮ್ಮ ಅಂಗಳದ ತಿರುವಿನಲ್ಲಿ ಅಡಿ ತಾಗುತ್ತದೆಯೇ ಎಂದು ಐದು ಜನ ಕೂತೇ ನೋಡಬೇಕು. ಖಾಲಿ ಕಾರಿನ ಗ್ರೌಂಡ್ ಕ್ಲಿಯರೆನ್ಸ್ ಅಂಕಿ ಕಾಗದದಲ್ಲಿ ಮಾತ್ರ. ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಹೊರಡಿಸಿ. ಎಸಿ ಹಾಕಿ ಮಧ್ಯಾಹ್ನದ ಬಿಸಿಲಲ್ಲಿ ಹಿಂದೆ ಕೂತವರಿಗೆ ತಂಪು ಎಷ್ಟು ಹೊತ್ತಿಗೆ ತಲುಪುತ್ತದೆ ನೋಡಿ. ಜಲ್ಲಿ ರಸ್ತೆಯಲ್ಲಿ ಗಾಜು ಏರಿಸಿ, ರೇಡಿಯೋ ಆಫ್ ಮಾಡಿ, ಸದ್ದು ಕೇಳಿಸಿಕೊಳ್ಳಿ.

ಕಾರು ಡೆಲಿವರಿ ತೆಗೆದುಕೊಳ್ಳುವಾಗ ಟಯರಿನ ಪಕ್ಕೆಯಲ್ಲಿರುವ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಐದೂ ಟಯರಿನ ತಾರೀಕು ಹತ್ತಿರ ಹತ್ತಿರ ಇರಬೇಕು. ಹೊರಗಿನ ಅಂಗಡಿಯಲ್ಲಿ ಸ್ಕ್ರೀನ್, ಹಾರ್ನ್, ಫಾಗ್ ಲೈಟ್ ಹಾಕಿಸುವವರು ವಯರ್ ಕತ್ತರಿಸದೆ ಕಪ್ಲರಿನಲ್ಲೇ ಜೋಡಿಸಲು ಹೇಳಿ. ಕತ್ತರಿಸಿದ ವಯರಿನ ಟೇಪು ಒಂದೇ ಮಳೆಗಾಲಕ್ಕೆ ಬಿಚ್ಚುತ್ತದೆ, ವಾರಂಟಿಗೂ ತಕರಾರು ಬರಬಹುದು.

ಬಾಳಿಕೆಯ ಅರ್ಧ ಪಾಲು ಕಾರಿನದ್ದು, ಉಳಿದರ್ಧ ಮಳೆಗಾಲದಲ್ಲಿ ಅದನ್ನು ನೋಡಿಕೊಳ್ಳುವವರದ್ದು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಘಾಟಿ ಇಳಿಯುವಾಗ ಕುದಿದು ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ವಾರಗಟ್ಟಲೆ ನಿಲ್ಲಿಸುವ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹಿಂದಿನ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಸಮತಟ್ಟಾದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಬಾಗಿಲಿನ ಅಡಿ ಅಂಚಿನಲ್ಲಿ ನೀರು ಇಳಿಯುವ ಸಣ್ಣ ಸೀಳುಗಳಿವೆ. ಅಡಿಗೆ ಕೋಟಿಂಗ್ ಹೊಡೆಸುವಾಗ ಅವು ಮುಚ್ಚಿಹೋಗಿ ಬಾಗಿಲು ಒಳಗಿಂದಲೇ ತುಕ್ಕು ತಿನ್ನುವುದು ಕಡಲ ಬದಿಯ ಕಾರುಗಳಲ್ಲಿ ಸಾಮಾನ್ಯ. ಎಸಿಯ ನೀರು ಇಳಿಯುವ ಪೈಪಿನ ಬಾಯಿ ಕಟ್ಟಿದರೆ ಆ ನೀರು ಮುಂದಿನ ಮ್ಯಾಟಿನಡಿಗೆ ಬಂದು ಮುಗ್ಗಲು ವಾಸನೆ ಹೊಡೆಯುತ್ತದೆ. ಬಾನೆಟ್ಟಿನೊಳಗೆ ಇಲಿ ಗೂಡು ಕಟ್ಟಿದರೆ ಸವಲತ್ತು ಹೆಚ್ಚಿದ್ದಷ್ಟೂ ಕಡಿಯಲು ವಯರೂ ಹೆಚ್ಚು. ವಾರಕ್ಕೆರಡು ಸಲ ಬಾನೆಟ್ ತೆರೆದು ನೋಡುವುದು, ಶೆಡ್ಡಿನಲ್ಲಿ ಅಡಿಕೆ ಚೀಲ, ಹಿಂಡಿ ಇಡದಿರುವುದು ಯಾವ ಸ್ಪ್ರೇಗಿಂತಲೂ ಒಳ್ಳೆಯದು. ಹೆದ್ದಾರಿಯ ಅಂಡರ್‌ಪಾಸಿನಲ್ಲಿ ಚಕ್ರದ ಅರ್ಧಕ್ಕಿಂತ ಮೇಲೆ ನೀರು ನಿಂತಿದ್ದರೆ ಇಳಿಸಬೇಡಿ. ಇಳಿಸಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ಹೊಕ್ಕ ನೀರನ್ನು ಪಿಸ್ಟನ್ ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುವುದು ಆ ಎರಡನೇ ಪ್ರಯತ್ನದಲ್ಲೇ. ಸಾದಾ ವಿಮೆ ಅದಕ್ಕೆ ಹಣ ಕೊಡುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಬೇಕು.

ಗಡಿ ದಾಟಿ ಮಂಗಳೂರು, ಪುತ್ತೂರಿನಿಂದ ಹಳೇ ಕಾರು ತರುವವರೂ ಬಹಳ. ತಂದ ಮೇಲೆ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಓಡಿಸುವುದಾದರೆ ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತಂದು ಕೇರಳದ ನಂಬರಿಗೆ ಬದಲಿಸಲೇಬೇಕು. ತೆರಿಗೆಯ ಲೆಕ್ಕವನ್ನು ಕಾರಿನ ಬೆಲೆಗೆ ಸೇರಿಸಿಯೇ ಚೌಕಾಶಿ ಮಾಡಿ. ನೆರೆನೀರು ಹೊಕ್ಕ ಕಾರನ್ನು ಪಾಲಿಶ್ ಮಾಡಿ ಮಾರುವವರಿದ್ದಾರೆ. ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆದು ನೋಡಿ. ಹೊರಗಿನ ಭಾಗ ತೊಳೆದಿರುತ್ತಾರೆ, ಸುರುಳಿಯೊಳಗಿನ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನಡಿಯ ಬೋಲ್ಟಿಗೆ ತುಕ್ಕು, ಸ್ಪೇರ್ ವೀಲಿನ ಗುಳಿಯಲ್ಲಿ ನಯವಾದ ಮಣ್ಣು ಕಂಡರೆ ಎಷ್ಟೇ ಕಡಿಮೆ ಬೆಲೆಗಾದರೂ ಬೇಡ. 2023ರ ಏಪ್ರಿಲಿಗಿಂತ ಮೊದಲಿನ ಪೆಟ್ರೋಲ್ ಕಾರಾದರೆ ಈಗಿನ ಇ20 (ಶೇಕಡಾ 20 ಎಥನಾಲ್ ಬೆರೆತ) ಪೆಟ್ರೋಲಿಗೆ ಹೊಂದುವುದೇ ಎಂದು ಅದರ ಪುಸ್ತಕದಲ್ಲಿ ನೋಡಿ, ಪೆಟ್ರೋಲಿನ ರಬ್ಬರ್ ಹೋಸುಗಳು ಬಿರುಕು ಬಿಟ್ಟಿವೆಯೇ ಎಂದು ಪರೀಕ್ಷಿಸಿ.

ಕೊನೆಯದಾಗಿ ಎರಡು ವಿನಂತಿ. ಸರ್ವಿಸಿಗೆ ಕೊಡುವಾಗ ಬರೆಯುವ ಜಾಬ್ ಕಾರ್ಡ್ ಇಂಗ್ಲಿಷಿನಲ್ಲಿರುತ್ತದೆ, ವಿವರಣೆ ಮಲಯಾಳದಲ್ಲಿ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಏನೆಂದು ತಿಳಿಯದೆ ಸಹಿ ಹಾಕುತ್ತಾರೆ. ಕೆಲಸ ಶುರುವಾಗುವ ಮೊದಲು ಯಾವ ಪಾರ್ಟ್, ಎಷ್ಟು ಬೆಲೆ ಎಂದು ಓದಿ ಹೇಳಿಸಿಕೊಳ್ಳುವುದು, ಬದಲಿಸಿದ ಹಳೇ ಪಾರ್ಟನ್ನು ಕಣ್ಣಾರೆ ನೋಡುವುದು ಗಿರಾಕಿಯ ಹಕ್ಕು. ಓದುಗರು ಸಂಕೋಚವಿಲ್ಲದೆ ಕೇಳಲಿ. ಇನ್ನೊಂದು ವಿನಂತಿ ತಮ್ಮಲ್ಲಿ. ಹಬ್ಬದ ವಾಹನ ಪುಟದಲ್ಲಿ ಹೊಸ ಕಾರಿನ ಪರಿಚಯ ಬರೆಯುವಾಗ ಬಣ್ಣ, ಸ್ಕ್ರೀನಿನ ಇಂಚುಗಳ ಜೊತೆಗೆ ಪ್ರತಿ ವೇರಿಯಂಟಿನ ಟಯರ್ ಅಳತೆ, ಸ್ಪೇರ್ ವೀಲ್ ಯಾವ ಬಗೆಯದ್ದು, ಆಟೋಮ್ಯಾಟಿಕ್ ಆದರೆ ನಾಲ್ಕರಲ್ಲಿ ಯಾವುದು, ವಾರಂಟಿ ಎಷ್ಟು ವರ್ಷ, ಹತ್ತಿರದ ಸರ್ವಿಸ್ ಕೇಂದ್ರ ಎಲ್ಲಿದೆ ಎಂಬ ಐದು ಸಾಲು ಸೇರಿಸಿ. ಮೇ ತಿಂಗಳ ಸಂಚಿಕೆಯೊಂದರಲ್ಲಿ ಮಳೆಗಾಲಕ್ಕೆ ಮುನ್ನ ಕಾರಿನಲ್ಲಿ ಏನೇನು ನೋಡಬೇಕೆಂಬ ಅರ್ಧ ಪುಟವನ್ನೂ ಕೊಟ್ಟರೆ ಉಪಕಾರವಾಗುತ್ತದೆ.

ಇತಿ,
ಕಾರು ರಿಪೇರಿ ಕೆಲಸದಲ್ಲಿರುವ ಓದುಗರು,
ಬದಿಯಡ್ಕ, ಕಾಸರಗೋಡು ಜಿಲ್ಲೆ